ಎತ್ತಿಗೆ ಹತ್ತೇ ರೂಪಾಯಿ

ಎತ್ತಿಗೆ ಬಾರುಕೋಲು ಬೀಸೋ ಮುಂಚೆ ಜೇಬಲ್ಲಿ ಚಿಲ್ಲರೆ ಇದೆಯಾ ನೋಡಿಕೊಳ್ಳಿ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಮೊದಲ ಸಲದ ತಪ್ಪಿಗೆ ದಂಡ 10 ರೂಪಾಯಿಂದ 50 ರೂಪಾಯಿ. ಹೊಡೆದರೂ ಅಷ್ಟೇ, ಮಿತಿ ಮೀರಿ ಹೇರಿದರೂ ಅಷ್ಟೇ, ಹುಣ್ಣಾದ ಎತ್ತನ್ನು ಗಾಡಿಗೆ ಹೂಡಿದರೂ ಅಷ್ಟೇ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ 25ರಿಂದ 100 ರೂಪಾಯಿ, ಇಲ್ಲಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮೂರು ವರ್ಷ ದಾಟಿಸಿ ಹೊಡೆದರೆ ನೀವು ಮತ್ತೆ ಹೊಸಬರು, ಹತ್ತು ರೂಪಾಯಿಂದ ಶುರು.

ಹೆಲ್ಮೆಟ್ ಹಾಕದಿದ್ದರೆ ನಮ್ಮಲ್ಲಿ 500 ದಂಡ. ನಮ್ಮ ತಲೆಗೆ 500, ಎತ್ತಿನ ಹೆಗಲಿಗೆ 10. ಹಿಂಡಿ ಬೆಲೆ ಏರಿತು, ಹುಲ್ಲಿನ ಬೆಲೆ ಏರಿತು, ಲಾಳ ಕಟ್ಟೋನ ಕೂಲಿಯೂ ಏರಿತು. ನೋವಿನ ಬೆಲೆ ಮಾತ್ರ ಅಲ್ಲೇ ಇದೆ. 2022ರಲ್ಲಿ ದಂಡ ಏರಿಸೋಣ ಅಂತ ಒಂದು ಕರಡು ಬಂತು, ಜನರ ಅಭಿಪ್ರಾಯ ಕೇಳಿದರು. ಎತ್ತನ್ನು ಕೇಳಲಿಲ್ಲ ಬಿಡಿ.

ಇದೇ ಕಾಯ್ದೆಯಡಿ ಬಂದ 1965ರ ನಿಯಮ ಇನ್ನೂ ಚೆನ್ನಾಗಿದೆ. ಎತ್ತಿಗೆ ದಿನಕ್ಕೆ 9 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ, ಸತತ 5 ಗಂಟೆ ಮೀರಿ ದುಡಿಸುವಂತಿಲ್ಲ, ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ನೊಗ ಇಳಿಸಬೇಕು. ಹಗ್ಗ ಹಿಡಿದವನಿಗೂ ಇಂಥದ್ದೊಂದು ನಿಯಮ ಇದ್ದಿದ್ದರೆ ಅವನೂ ಸಂತೋಷವಾಗಿ ಪಾಲಿಸುತ್ತಿದ್ದ. ಥರ್ಮಾಮೀಟರ್ ಯಾರ ಹತ್ತಿರ ಇರುತ್ತೋ ಗೊತ್ತಿಲ್ಲ.

ಕಬ್ಬು ಅರೆಯುವ ಸೀಸನ್ನಿನಲ್ಲಿ ಯಾವುದಾದರೂ ಸಕ್ಕರೆ ಕಾರ್ಖಾನೆ ಗೇಟಿನ ಮುಂದೆ ಸುಮ್ನೆ ಒಂದರ್ಧ ಗಂಟೆ ನಿಂತು ನೋಡಿ. ಗಾಡಿಗಳ ಸಾಲು ರಸ್ತೆವರೆಗೂ ಬಂದಿರುತ್ತದೆ. ನೊಗ ಕೂತ ಜಾಗದಲ್ಲಿ ಚರ್ಮ ಸುಲಿದು ಕೆಂಪಗಾಗಿದೆ, ಅದರ ಮೇಲೆ ನೊಣ. ಗಾಡಿಯವನು ಗೋಣಿಚೀಲದ ತುಂಡು ಮಡಚಿ ನೊಗದ ಕೆಳಗೆ ತುರುಕುತ್ತಾನೆ, ಬೇವಿನೆಣ್ಣೆ ಸವರುತ್ತಾನೆ, ಎರಡು ನಿಮಿಷ ಬಿಟ್ಟು ಅದೇ ಎತ್ತಿಗೆ ಒಂದು ಬಾರಿಸುತ್ತಾನೆ. ಅವನು ರಾಕ್ಷಸ ಏನಲ್ಲ. ಬಾಡಿಗೆ ಟನ್ ಲೆಕ್ಕದಲ್ಲಿ, ಒಂದು ಹೊರೆ ಕಮ್ಮಿ ಹೇರಿದರೆ ಅವನ ಮನೆಗೇ ಕಮ್ಮಿ.

ತಮಾಷೆ ಗೇಟಿನ ಒಳಗಿದೆ. ಗಾಡಿ ತೂಕಕ್ಕೆ ಹತ್ತುತ್ತದೆ, ಎಷ್ಟು ಹೇರಿದ್ದಾನೆ ಅಂತ ಕಾರ್ಖಾನೆಯವರೇ ಕಿಲೋ ಬಿಡದೆ ಚೀಟಿ ಬರೆದು ಕೊಡುತ್ತಾರೆ. ಅಪರಾಧದ ಸಾಕ್ಷಿಗೆ ಸೀಲು ಹಾಕಿ ಅಪರಾಧಿಯ ಕೈಗೇ ಕೊಡುವ ವ್ಯವಸ್ಥೆ ಬೇರೆ ಎಲ್ಲಾದರೂ ಇದೆಯಾ? ಆ ಚೀಟಿ ತೋರಿಸಿದರೆ ದುಡ್ಡು ಬರುತ್ತದೆ, ದಂಡ ಬರಲ್ಲ.

ಇದೇ 1960ರ ಕಾಯ್ದೆಯಿಂದ ಹುಟ್ಟಿದ್ದು ನಮ್ಮ ಪ್ರಾಣಿ ಕಲ್ಯಾಣ ಮಂಡಳಿ. 2023ರ ಫೆಬ್ರವರಿ 14ರಂದು ಎಲ್ಲರೂ ಹಸು ಅಪ್ಪಿಕೊಳ್ಳಿ ಅಂತ ಕರೆ ಕೊಟ್ಟಿತ್ತು, ದೇಶವೆಲ್ಲ ನಕ್ಕಿತು, ಆ ದಿನ ಬರುವ ಮೊದಲೇ, 10ನೇ ತಾರೀಕಿಗೇ ವಾಪಸ್ ತಗೊಂಡಿತು. ಎತ್ತಿನ ಹೆಸರು ಆ ಕರೆಯಲ್ಲೂ ಇರಲಿಲ್ಲ. ಒಳ್ಳೆಯದೇ ಆಯಿತು ಅನ್ನಿ, ಅಪ್ಪಿಕೊಳ್ಳುವವರು ಕೈ ಹಾಕುವುದು ಕುತ್ತಿಗೆಗೇ ಅಲ್ವಾ, ಹುಣ್ಣು ಇರುವುದೂ ಅಲ್ಲೇ.

ಎತ್ತಿನ ಕಿವಿಗೆ ಮಾತ್ರ ಹಳದಿ ಓಲೆ, ಅಂದರೆ ಗುರುತಿನ ಟ್ಯಾಗು ಬಂದಿದೆ, 12 ಅಂಕಿಯ ನಂಬರು, ನಮ್ಮ ಆಧಾರ್ ಥರವೇ. ಹೊಡೆಸಿಕೊಂಡ ಎತ್ತು ಯಾವುದು ಅಂತ ಈಗ ಪಕ್ಕಾ ಹೇಳಬಹುದು. ಗಾಡಿಯವನೂ ಹತ್ತು ರೂಪಾಯಿ ಕಟ್ಟೋಕೆ ರೆಡಿ. ಅದನ್ನು ವಸೂಲಿ ಮಾಡೋಕೆ ಹೊರಡುವ ಜೀಪಿಗೆ ಡೀಸೆಲ್ ಯಾರು ಹಾಕಿಸುತ್ತಾರೆ ಅನ್ನೋದೊಂದು ಬಾಕಿ ಇದೆ.