ಎರಡು ತುಂಡು ಇಸವಣ

ಗುಟ್ಟಾಗಿ ಊಟ ಮಾಡಿ ಬರುವ ನೌಕರಿಯೊಂದು ನನಗೆ ಸಿಕ್ಕಿತು. ಮಿಸ್ಟರಿ ಶಾಪಿಂಗ್ ಅಂತಾರೆ. 1940ರ ದಶಕದಲ್ಲಿ ಅಮೆರಿಕದವರು ಅಂಗಡಿ, ಬ್ಯಾಂಕುಗಳ ಗುಮಾಸ್ತರ ಪ್ರಾಮಾಣಿಕತೆ ಅಳೆಯಲು ಬೆಳೆಸಿದ ವಿದ್ಯೆ, ಈಗ ಹೆದ್ದಾರಿ 66ರ ಬದಿಯ ಮೀನೂಟದ ಹೋಟೆಲಿಗೂ ಬಂದಿದೆ. ಗಿರಾಕಿಯ ವೇಷದಲ್ಲಿ ಹೋಗಿ ತಿನ್ನಬೇಕು. ನೀರು ಎಷ್ಟು ಹೊತ್ತಿಗೆ ಬಂತು, ಸಪ್ಲಾಯರ್ ನಕ್ಕನೋ ಇಲ್ಲವೋ, ಕೈ ತೊಳೆಯುವಲ್ಲಿ ಸೋಪಿತ್ತೋ ಎಂದು ಬರೆದು ಕಳಿಸಬೇಕು. ಬಿಲ್ಲು ಕೆಲಸ ಕೊಟ್ಟ ಕಂಪನಿಯದು, ಮೇಲೊಂದಿಷ್ಟು ಕೈಖರ್ಚು. ನಿವೃತ್ತ ಮಾಸ್ತರನಿಗೆ ಇನ್ನೇನು ಬೇಕು?

ಮೊದಲ ನಿಯಮ: ನೀವು ಯಾರೆಂದು ಯಾರಿಗೂ ತಿಳಿಯಬಾರದು. ಬರೆದವರು ಕಾರವಾರ ನೋಡಿದವರಲ್ಲ.

"ಓ, ಮಾಸ್ತರ್ರು! ಅಕ್ಕೋರು ಊರಲ್ಲಿಲ್ವಾ?" ಬಾಗಿಲಲ್ಲೇ ಯಜಮಾನರು. ಸಪ್ಲಾಯರ್ ನನ್ನ ಏಳನೇ ಕ್ಲಾಸಿನ ಶಿಷ್ಯ. ಮೇಜಿನಡಿ ಮೊಬೈಲಿನ ಸ್ಟಾಪ್‌ವಾಚ್ ಒತ್ತಿದರೆ, "ಗುಳಿಗೆ ಟೈಮಾ ಸರ್?" ಎಂದು ಬಿಸಿನೀರೇ ತಂದಿಟ್ಟ. ನಗುವಿನ ಕಲಮಿಗೆ ಪೂರ್ತಿ ಅಂಕ ಕೊಟ್ಟೆ. ಕ್ಲಾಸಿನಲ್ಲಿ ಇದೇ ನಗುವಿಗೆ ಅವನಿಗೆ ಬೆತ್ತದ ರುಚಿ ತೋರಿಸಿದ್ದೆ.

ಗಂಟಲಿಗೆ ಮುಳ್ಳಾದದ್ದು 17ನೇ ನಿಯಮ. ಪಟ್ಟಿಯಲ್ಲಿದ್ದದ್ದನ್ನೆಲ್ಲ ತರಿಸಲೇಬೇಕು: ಊಟ, ಇಸವಣ (ಅಂಜಲ್ ಮೀನು) ಫ್ರೈ, ಸಿಗಡಿ ಸುಕ್ಕ, ಕೋಕಂ ಹುಳಿಯ ಸೋಲ್ ಕಡಿ. ಉಳಿದರೆ ಮನೆಗೆ ಒಯ್ಯುವಂತಿಲ್ಲ. ಅದು 'ವೈಯಕ್ತಿಕ ಲಾಭ'. ಹೊಟ್ಟೆಯೊಳಗೆ ಒಯ್ದದ್ದು ಮಾತ್ರ ಕಂಪನಿಯ ಲಾಭ, ಇರಬೇಕು. 41ನೇ ಪ್ರಶ್ನೆ ಮಾತ್ರ ಹೀಗಿತ್ತು: 'ಉಳಿದದ್ದನ್ನು ಕಟ್ಟಿಕೊಡಲೇ ಎಂದು ಸಿಬ್ಬಂದಿ ತಾವಾಗಿ ಕೇಳಿದರೇ?' ಅವರು ಕೇಳದಿದ್ದರೆ ಅವರ ತಪ್ಪು, ನಾನು ಹೂಂ ಅಂದರೆ ನನ್ನ ತಪ್ಪು.

ಉಳಿದದ್ದು ಎರಡು ತುಂಡು ಇಸವಣ. ಅದೂ ಜುಲೈನಲ್ಲಿ! ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, ಬಂದರಿನಲ್ಲಿ ಬೋಟುಗಳು ಮಳೆಗೆ ನೆನೆಯುತ್ತ ನಿಂತಿರುತ್ತವೆ. ಆ ದಿನಗಳಲ್ಲಿ ತಟ್ಟೆಯಲ್ಲಿ ಇಸವಣ ಬಿಟ್ಟು ಎದ್ದವನನ್ನು ನಮ್ಮೂರು ಕ್ಷಮಿಸುವುದಿಲ್ಲ. ಹೋಟೆಲಿನಲ್ಲಿ ಮಿಕ್ಕ ಒಳ್ಳೆಯ ಆಹಾರ ಹಸಿದವರಿಗೆ ಸೇರಲಿ ಎಂದು ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಎಫ್‌ಎಸ್‌ಎಸ್‌ಎಐ 2019ರಲ್ಲೇ ನಿಯಮ ಮಾಡಿದೆ, ನಿಜ. ನನ್ನ ತಟ್ಟೆಗೆ ಬಿದ್ದ ತುಂಡು ಅದರ ಲೆಕ್ಕಕ್ಕೂ ಬರುವುದಿಲ್ಲ.

"ಕಟ್ಟಿ ಕೊಡ್ಲಾ ಸರ್?" ಶಿಷ್ಯ ಕೇಳಿಯೇಬಿಟ್ಟ. ಪೂರ್ತಿ ಅಂಕ. "ಬೇಡ ತಮಾ" ಅಂದೆ.

ಹೋಟೆಲಿಗೆ ಹೋಟೆಲೇ ಸ್ತಬ್ಧ. ಯಜಮಾನರು ಗಲ್ಲೆ ಬಿಟ್ಟು ಎದ್ದು ಬಂದರು. "ಮೀನು ತಾಜಾ ಇಲ್ವಾ ಮಾಸ್ತರ್ರೇ? ಐಸಿನದು ಅಂದ್ಕೊಂಡ್ರಾ?" ಇಸವಣ ಚಲೋ ಇದೆ, ಹೊಟ್ಟೆ ತುಂಬಿದೆ ಎಂದರೆ ನಂಬುವವರಾರು? ಬಿಲ್ಲಿನ ಫೋಟೋ ಹೊಡೆದುಕೊಂಡು, ಕಳ್ಳನ ಹಾಗೆ ಮಳೆಯಲ್ಲೇ ಓಡಿದೆ.

ಮನೆ ತಲುಪುವ ಮೊದಲೇ ಇಸವಣ ತಲುಪಿತ್ತು. ಶಿಷ್ಯ ಸೈಕಲ್ಲಿನಲ್ಲಿ ಬಂದು, ಸ್ಟೀಲಿನ ಡಬ್ಬಿಯಲ್ಲಿ ಕೊಟ್ಟು, "ಸರ್ ಮರೆತು ಬಂದ್ರು" ಎಂದನಂತೆ. ಹೆಂಡತಿ ಆಗಲೇ ಒಂದು ತುಂಡು ಮುಗಿಸಿದ್ದಳು.

ಕೊನೆಯ ಪ್ರಶ್ನೆ: 'ಆಹಾರವನ್ನು ಮನೆಗೆ ಒಯ್ದಿರಾ?' ಇಲ್ಲ ಎಂದೇ ಗುರುತು ಹಾಕಿದೆ. ಒಯ್ದವನು ನಾನಲ್ಲವಲ್ಲ.

ಈಗಿನ ತಾಪತ್ರಯ ಡಬ್ಬಿಯದು. ನಿಯಮದಂತೆ ಮೂರು ತಿಂಗಳು ಆ ಹೋಟೆಲಿಗೆ ನಾನು ಕಾಲಿಡುವಂತಿಲ್ಲ. "ಡಬ್ಬಿ ಕೊಟ್ಟು ಬನ್ನಿ, ಖಾಲಿ ಕೊಡ್ಬೇಡಿ" ಎಂದು ಹೆಂಡತಿ ದಿನಾ ಬೆಳಿಗ್ಗೆ ಅದರಲ್ಲಿ ನಾಲ್ಕು ಚಕ್ಕುಲಿ ತುಂಬಿಡುತ್ತಾಳೆ. ಸಂಜೆಗೆ ನಾನೇ ತಿನ್ನುತ್ತೇನೆ.