ಗಂಟು ಬಿಚ್ಚಿದ ತಪ್ಪಿಗೆ

ಎಲ್ಲಾ ಶುರುವಾಗಿದ್ದು ಒಂದು ಅಕ್ಕಿ ಚೀಲದಿಂದ.

ಬಿಸಿಯೂಟದ ಅಕ್ಕಿ ಚೀಲದ ಬಾಯಿಗೆ ದಾರದ ಹೊಲಿಗೆ ಹಾಕಿರುತ್ತಾರಲ್ಲ, ಅದರಲ್ಲೊಂದು ಗುಟ್ಟಿದೆ. ಸರಿಯಾದ ತುದಿ ಹಿಡಿದು ಎಳೆದರೆ ಪೂರ್ತಿ ಹೊಲಿಗೆ ಸರಸರ ಬಿಚ್ಚಿಕೊಂಡು ದಾರ ಕೈಗೆ ಬರುತ್ತದೆ. ತಪ್ಪು ತುದಿ ಹಿಡಿದರೆ ಸಂಜೆಯವರೆಗೂ ಎಳೆಯುತ್ತ ಕೂರಬಹುದು. ಅವತ್ತು ಅಡುಗೆಯ ಅಕ್ಕ ತಪ್ಪು ತುದಿ ಹಿಡಿದು ಬೆವರುತ್ತಿದ್ದರು. ಆ ಕಡೆ ಸುಮ್ನೆ ಹೋಗುತ್ತಿದ್ದ ನಾನು ಚೀಲ ತಿರುಗಿಸಿ ಒಂದೇ ಸಲಕ್ಕೆ ಎಳೆದೆ. ಬಾಯಿ ಬಿಚ್ಚಿತು. ಹಿಂದೆ ಹೆಡ್ ಮಾಸ್ತರರು ನಿಂತಿದ್ದರು.

"ನಿಮಗ ಗಂಟ ಬಿಚ್ಚಾಕ ಬರ್ತೈತೇನ್ರಿ?"

"ಬರ್ತೈತ್ರಿ ಸರ," ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಬಿಚ್ಚಾಕ ಬಂದ್ರ ಕಟ್ಟಾಕೂ ಬರ್ತೈತಿ. ಇನ್ ಮ್ಯಾಲೆ ಸ್ಕೌಟ್ಸ್ ನಿಮ್ದು."

ಬಾಗಲಕೋಟೆಯ ನವನಗರದಲ್ಲಿ ಇಪ್ಪತ್ತು ವರ್ಷದಿಂದ ಗಣಿತ ಹೇಳಿಕೊಂಡು ನೆಮ್ಮದಿಯಾಗಿದ್ದವನು ನಾನು. ಈ ಲೆಕ್ಕ ತಪ್ಪು ಅಂತ ಗೊತ್ತಿತ್ತು. ಮದುವೆ ಮುರಿಯಲು ಬರುವವರಿಗೆಲ್ಲ ಮದುವೆ ಮಾಡಿಸಲು ಬರುತ್ತದಾ? ಆದರೆ ಕೇಳಲಿಲ್ಲ. ಮರುದಿನ ನನ್ನ ಕೈಗೆ ಒಂದು ಸೀಟಿ ಬಂತು. ಈ ಕೆಲಸಕ್ಕೆ ಸಂಬಳ ಇಲ್ಲ. ಸೀಟಿಯೇ ಎಲ್ಲಾ.

ಮೊದಲು ಏಳು ದಿನದ ಬೇಸಿಕ್ ಕೋರ್ಸಿಗೆ ಕಳಿಸಿದರು. ಅಲ್ಲಿ ಮಾಸ್ತರರೇ ಹುಡುಗರು. ಐದೂವರೆಗೆ ಎದ್ದು, ಹಾಸಿಗೆ ಮಡಚಿ, ತಾಟು-ಲೋಟ ಸಾಲಾಗಿ ಇಟ್ಟು ಇನ್‌ಸ್ಪೆಕ್ಷನ್‌ಗೆ ನಿಲ್ಲಬೇಕು. ನನ್ನ ಚಾದರದ ಮೂಲೆ ವಕ್ರ ಇತ್ತು ಅಂತ ಎರಡು ಮಾರ್ಕು ಕಟ್. ಊರ ಮಕ್ಕಳ ಮಾರ್ಕು ಕಟ್ ಮಾಡಿದ್ದ ಪಾಪ ಎಲ್ಲಿಗೆ ಹೋಗುತ್ತೆ? ರೀಫ್ ನಾಟ್ ಅನ್ನುವ ಗಂಟು ಕಲಿಯಲು ನನಗೆ ಎರಡು ದಿನ ಬೇಕಾಯ್ತು. ಎಡದ ಮೇಲೆ ಬಲ, ಬಲದ ಮೇಲೆ ಎಡ, ಇಷ್ಟೇ. ನಾನು ಕಟ್ಟಿದರೆ ಮಾತ್ರ ಅದು ಪ್ರತಿ ಸಲ ಬೇರೇನೋ ಆಗಿ, ಕೊನೆಗೆ ಬಿಚ್ಚಲೂ ಬರುತ್ತಿರಲಿಲ್ಲ. ಇದ್ದ ಒಂದು ವಿದ್ಯೆಯೂ ಹೋಯ್ತು.

ಯೂನಿಫಾರ್ಮಿನ ಕಥೆ ಬೇರೆ. ಬೂದು ಬಣ್ಣದ ಅಂಗಿ, ನೀಲಿ ಪ್ಯಾಂಟು, ಕೊರಳಿಗೆ ಸ್ಕಾರ್ಫು, ಸೊಂಟಕ್ಕೆ ಪಟ್ಟಿ, ಸೀಟಿ. ಮನೆಯ ಕನ್ನಡಿಯಲ್ಲಿ ಮಿಲಿಟರಿ ಆಫೀಸರ್ ಹಾಗೆ ಕಂಡಿದ್ದೆ. ಹಾಗೇ ಹೋಗಿ ಎಟಿಎಂ ಹೊರಗೆ ನನ್ನ ಪಾಳಿಗೆ ಕಾಯುತ್ತ ನಿಂತೆ. ಐದು ನಿಮಿಷದಲ್ಲಿ ಮೂರು ಮಂದಿ ಬಂದು ಕೇಳಿದ್ದು ಒಂದೇ ಪ್ರಶ್ನೆ. "ಒಳಗ ರೊಕ್ಕ ಐತೇನ್ರಿ?" ನಾಲ್ಕನೆಯವರು ಕೇಳಲಿಲ್ಲ, ಬೈಕು ನಿಲ್ಲಿಸಿ "ಸ್ವಲ್ಪ ನೋಡ್ಕೋರಿ" ಎಂದು ಹೋದರು. ಅವರು ಬರುವ ತನಕ ನೋಡಿಕೊಂಡೆ. ದಿನಕ್ಕೊಂದು ಒಳ್ಳೆ ಕೆಲಸ ಮಾಡಬೇಕು ಅಂತ ಸ್ಕೌಟಿನಲ್ಲಿ ಪದ್ಧತಿ ಇದೆ, ಅವತ್ತಿನದು ಮುಗಿಯಿತು.

ಇನ್ನು ಕೈ ಕುಲುಕುವುದು. ಸ್ಕೌಟುಗಳು ಎಡಗೈ ಕೊಡುತ್ತಾರೆ. ನಮ್ಮ ಕಡೆ ಎಡಗೈ ಯಾವುದಕ್ಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಹುಡುಗನೊಬ್ಬ ಮನೆಗೆ ಬಂದ ಅಜ್ಜನಿಗೆ ಎಡಗೈ ಚಾಚಿ ಒಂದು ಏಟು ತಿಂದ. ಮರುದಿನ ಅಜ್ಜ ಶಾಲೆಗೇ ಬಂದರು. ಎಡಗೈ ಹೃದಯಕ್ಕೆ ಹತ್ತಿರ ಅಂತ ನಾನು ಹತ್ತು ನಿಮಿಷ ವಿವರಿಸಿದೆ. ಅವರು ಪೂರ್ತಿ ಕೇಳಿ, "ಖರೆ ಐತ್ರಿ, ಆದ್ರ ತೊಳ್ಕೊಂಡಿದ್ನೋ ಇಲ್ಲೋ?" ಎಂದರು. ಈ ಪ್ರಶ್ನೆಗೆ ಬೇಸಿಕ್ ಕೋರ್ಸಿನಲ್ಲಿ ಉತ್ತರ ಕೊಟ್ಟಿರಲಿಲ್ಲ.

ನನ್ನ ದಳದಲ್ಲಿ 24 ಹುಡುಗರು. ಎಂಟೆಂಟರಂತೆ ಮೂರು ಪೆಟ್ರೋಲ್. ಪ್ರತಿ ಪೆಟ್ರೋಲಿಗೆ ಒಂದು ಪ್ರಾಣಿಯ ಹೆಸರು ಇಡಬೇಕು. ಮೂರೂ ಗುಂಪಿಗೆ ಹುಲಿಯೇ ಬೇಕು. ಹುಲಿ ಸಿಗದಿದ್ದರೆ ಆರ್‌ಸಿಬಿ ಇಡ್ರಿ ಅಂದರು. ಅದು ಪ್ರಾಣಿ ಅಲ್ಲ ಅಂದೆ. "ಸಿಂಹ ಐತ್ರಿ ಸರ, ಬ್ಯಾಡ್ಜ್‌ನ್ಯಾಗ." ಲೀಡರ್ ಆಯ್ಕೆಗೆ ಚುನಾವಣೆ ಇಟ್ಟಿದ್ದು ನನ್ನ ದೊಡ್ಡ ತಪ್ಪು. ಹಿಂದಿನ ದಿನವೇ ಒಬ್ಬ ಅಭ್ಯರ್ಥಿ ತನ್ನ ನಾಲ್ಕು ಮತದಾರರನ್ನು ಗಿರಮಿಟ್ ಅಂಗಡಿಗೆ ಕರಕೊಂಡು ಹೋಗಿ, ಮರುದಿನ ಓಟಿನ ಹೊತ್ತಿಗೆ ನೇರವಾಗಿ ಅಲ್ಲಿಂದಲೇ ಕರೆತಂದ. ರೆಸಾರ್ಟ್ ಇಲ್ಲದ ಊರಿನಲ್ಲಿ ಗಿರಮಿಟ್ ಅಂಗಡಿಯೇ ರೆಸಾರ್ಟು. ಗೆದ್ದವನ ಅಪ್ಪ ಸಂಜೆ ಫೋನ್ ಮಾಡಿದರು. "ನಮ್ಮ ಹುಡುಗ ಪೆಟ್ರೋಲ್ ಲೀಡರ್ ಆಗ್ಯಾನಂತ. ಪೆಟ್ರೋಲ್ ಖರ್ಚು ನಾವ ಕೊಡೂದೇನ್ರಿ?"

ಮೊದಲ ಪ್ರವಾಸ ವಿಜಯಪುರಕ್ಕೆ, ಗೋಲಗುಮ್ಮಟಕ್ಕೆ. ಇಲ್ಲಿ ಸೀಟಿಯ ವ್ಯಾಕರಣ ಸ್ವಲ್ಪ ಹೇಳಬೇಕು. ಒಂದು ಉದ್ದ ಸೀಟಿ ಅಂದರೆ "ಸುಮ್ಮನಿರಿ, ಇತ್ತ ನೋಡಿ". ಚಿಕ್ಕ ಸೀಟಿಗಳು ಒಂದರ ಹಿಂದೆ ಒಂದು ಬಂದರೆ "ಓಡಿ ಬಂದು ಸೇರಿ". ಉದ್ದ ಸೀಟಿಗಳು ಒಂದರ ಹಿಂದೆ ಒಂದು ಬಂದರೆ "ಚದುರಿ ಹೋಗಿ". ಸ್ಕೌಟ್ ಶುರು ಮಾಡಿದ ಬೇಡನ್ ಪೊವೆಲ್ ಸಾಹೇಬರು ಇದನ್ನು ಬರೆದು ಇಡುವಾಗ ಗೋಲಗುಮ್ಮಟ ಅವರ ಲೆಕ್ಕದಲ್ಲಿ ಇರಲಿಲ್ಲ ಅಂತ ಕಾಣುತ್ತದೆ.

ಮೂಲೆಯ ಗೋಪುರದ ಏಳು ಅಂತಸ್ತು ಹತ್ತಿ ಮೇಲಿನ ಪಿಸುಗುಟ್ಟುವ ಗ್ಯಾಲರಿಗೆ ಬಂದೆವು. ಅಲ್ಲಿ ಒಂದು ಸಲ ಕೂಗಿದರೆ ಏಳು ಸಲ ಕೇಳುತ್ತದೆ, ಇದು ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. 24 ಹುಡುಗರು ಒಟ್ಟಿಗೆ ಅವರವರ ಶತ್ರುಗಳ ಹೆಸರು ಕೂಗಲು ಶುರು ಮಾಡಿದಾಗ ಗೊತ್ತಿದ್ದದ್ದೆಲ್ಲ ಮರೆತೇಹೋಯ್ತು. ಸುಮ್ಮನಿರಿ ಅಂತ ಒಂದು ಉದ್ದ ಸೀಟಿ ಊದಿದೆ.

ಗುಮ್ಮಟ ಅದನ್ನು ಏಳು ಸಲ ಊದಿತು. ಒಂದರ ಹಿಂದೆ ಒಂದು. ಉದ್ದ ಉದ್ದ.

ಅಲ್ಲಿಯವರೆಗೆ ನನ್ನ ಒಂದು ಮಾತೂ ಕೇಳದ ಹುಡುಗರು ಅವತ್ತು ಮೊದಲ ಸಲ ಆಜ್ಞೆ ಪಾಲಿಸಿದರು. ನಾಲ್ಕು ಗೋಪುರಗಳಿಗೂ ಚದುರಿ ಹೋದರು. ಕೆಳಗೆ ಇಳಿದು ಒಬ್ಬೊಬ್ಬರನ್ನೇ ಹಿಡಿದು ಎಣಿಸಲು ಒಂದೂವರೆ ತಾಸು ಬೇಕಾಯ್ತು. ಕಾವಲಿನವನು ನನ್ನನ್ನು ಬೈದಿದ್ದೂ ಏಳು ಸಲ ಕೇಳಿಸಿತು. ಮಹಮ್ಮದ್ ಆದಿಲ್ ಶಾಹ ಅಲ್ಲಿ 1656ರಿಂದ ಮಲಗಿದ್ದಾನೆ. ಅವನಿಗೆ ಅವತ್ತಿನಷ್ಟು ತ್ರಾಸು ಔರಂಗಜೇಬನೂ ಕೊಟ್ಟಿರಲಿಕ್ಕಿಲ್ಲ.

ಆಗ ನನಗೊಂದು ವಿಷಯ ಹೊಳೆಯಿತು. 1907ರಲ್ಲಿ ಬೇಡನ್ ಪೊವೆಲ್ ಸಾಹೇಬರು ಮೊಟ್ಟಮೊದಲ ಕ್ಯಾಂಪ್ ಮಾಡಿದ್ದು ಇಂಗ್ಲೆಂಡಿನ ಬ್ರೌನ್‌ಸೀಯಲ್ಲಿ, ಸುಮಾರು 20 ಹುಡುಗರ ಜೊತೆ. ಬ್ರೌನ್‌ಸೀ ಒಂದು ದ್ವೀಪ. ಸುತ್ತಲೂ ನೀರು. ಎಲ್ಲಿ ಚದುರುತ್ತಾರೆ? ಸಾಹೇಬರು ಭಾಳ ಶಾಣ್ಯಾ ಮನುಷ್ಯ.

ನಮಗೆ ದ್ವೀಪ ಇರಲಿಲ್ಲ, ಬಾದಾಮಿ ಇತ್ತು. ಫೆಬ್ರುವರಿ 22 ಸಾಹೇಬರ ಹುಟ್ಟಿದ ದಿನ, ಅದಕ್ಕೆ ಹೊಂದಿಸಿ ಎರಡು ದಿನದ ಕ್ಯಾಂಪ್, ಬನಶಂಕರಿ ಹತ್ತಿರದ ಒಂದು ಶಾಲೆಯ ಮೈದಾನದಲ್ಲಿ. ತರಬೇಕಾದ ಸಾಮಾನಿನ ಪಟ್ಟಿ ಕೊಟ್ಟಿದ್ದೆ: ತಾಟು, ಲೋಟ, ಟಾರ್ಚು, ಹೊದಿಕೆ, ಹಗ್ಗ. ಹೆಚ್ಚಿನವರು ಇದನ್ನೆಲ್ಲ ಬಿಟ್ಟು ರೊಟ್ಟಿ, ಶೇಂಗಾ ಚಟ್ನಿ, ಕರದಂಟು ತಂದರು. ಒಬ್ಬನ ಚೀಲದಲ್ಲಿ ಬರೀ ಶೇಂಗಾ ಹೋಳಿಗೆ, ಮೂವತ್ತು. ಇನ್ನೊಬ್ಬ ಹೇಳಿದಂತೆ ಹಗ್ಗ ತಂದಿದ್ದ, ಒಳ್ಳೆ ದಪ್ಪನೆಯ ಹಗ್ಗ. ಭಲೇ ಅಂತ ಬೆನ್ನು ತಟ್ಟಿದೆ. ಬಸ್ಸು ಗುಳೇದಗುಡ್ಡ ದಾಟುವ ಮೊದಲೇ ಅವನ ಅಪ್ಪನ ಫೋನು. "ಸರ, ಎತ್ತ ಹಗ್ಗ ಇಲ್ದ ಅಡ್ಡಾಡಾಕತ್ತೈತ್ರಿ. ನಮ್ಮ ಹುಡುಗನ ಕೇಳ್ರಿ ಒಂದೀಟ."

ಮಧ್ಯಾಹ್ನ ಒಲೆ ಹೊತ್ತಿಸುವ ಪರೀಕ್ಷೆ. ಎರಡೇ ಕಡ್ಡಿಯಲ್ಲಿ ಬೆಂಕಿ ಹೊತ್ತಬೇಕು ಅಂತ ನಿಯಮ. ಹುಡುಗರು ಮೂರು ಕಲ್ಲು ಇಟ್ಟು, ಕಟ್ಟಿಗೆಯನ್ನು ಪುಸ್ತಕದಲ್ಲಿ ಇದ್ದ ಹಾಗೆ ಗೋಪುರದಂತೆ ನಿಲ್ಲಿಸಿದರು. ನೋಡಲು ಪಟ್ಟದಕಲ್ಲಿನ ಗುಡಿ ಹಾಗಿತ್ತು. ಹೊತ್ತಲಿಲ್ಲ. ಎರಡು ಕಡ್ಡಿ ಹೋಯ್ತು, ಇಪ್ಪತ್ತು ಹೋಯ್ತು, ಡಬ್ಬಿ ಹೋಯ್ತು. ನಾನೂ ಬಗ್ಗಿ ಊದಿದೆ. ಕಣ್ಣಿನಲ್ಲಿ ಬೂದಿ ಬಂತೇ ಹೊರತು ಬೆಂಕಿ ಬರಲಿಲ್ಲ. ಬನಶಂಕರಿಯಲ್ಲಿ ಬುಟ್ಟಿ ಹೊತ್ತು ರೊಟ್ಟಿ ಮಾರುವ ಅಜ್ಜಿಯೊಬ್ಬರು ಗೋಡೆಯ ನೆರಳಿನಲ್ಲಿ ಕೂತು ಇದನ್ನೆಲ್ಲ ಪುಗಸಟ್ಟೆ ಸಿನಿಮಾ ಹಾಗೆ ನೋಡುತ್ತಿದ್ದರು. ಕೊನೆಗೆ ತಡೆಯಲಾಗದೆ ಎದ್ದು ಬಂದರು. ನಮ್ಮ ಗುಡಿಯನ್ನು ಕಾಲಿನಿಂದ ಕೆಡವಿದರು. ಒಂದು ತುಂಡು ಕುಳ್ಳು, ಒಂದು ಹಿಡಿ ಹತ್ತಿಕಟ್ಟಿಗೆ, ಒಂದು ಕಡ್ಡಿ. ಹೊತ್ತಿತು. "ಎಟ್ಟು ಓದಿರಿ ನೀವು?" ಅಂತ ನನ್ನನ್ನೇ ಕೇಳಿದರು. ಎಮ್ಮೆಸ್ಸಿ ಅಂತ ಹೇಳಲು ಬಾಯಿ ಬರಲಿಲ್ಲ.

ಬೆಂಕಿ ಹೊತ್ತಿದ ಖುಷಿಯಲ್ಲಿ ಮಂಗಗಳನ್ನು ಮರೆತೆವು. ಬಾದಾಮಿಗೆ ಹೋದವರಿಗೆ ಈ ಮಂಗಗಳ ಬಗ್ಗೆ ಹೇಳಬೇಕಾಗಿಲ್ಲ. ತಿನ್ನುವ ಸಾಮಾನಿನ ಚೀಲ, ಫಸ್ಟ್ ಏಡ್ ಡಬ್ಬಿ ಎರಡನ್ನೂ ಬೇವಿನ ಗಿಡಕ್ಕೆ ಕಟ್ಟಿದ್ದೆವು, ಅದೂ ಕ್ಲವ್ ಹಿಚ್ ಹಾಕಿ, ಮೇಲೊಂದು ರೀಫ್ ನಾಟ್. ಬೇಡನ್ ಪೊವೆಲ್ ಸಾಹೇಬರು ದಕ್ಷಿಣ ಆಫ್ರಿಕಾದ ಮ್ಯಾಫೆಕಿಂಗ್ ಊರನ್ನು 217 ದಿನ ಮುತ್ತಿಗೆಯಲ್ಲಿ ಕಾದುಕೊಂಡವರು. ನಮ್ಮದು ಹದಿನೇಳು ನಿಮಿಷ. ಒಂದು ಮುದಿ ಮಂಗ ಕೊಂಬೆ ಮೇಲೆ ಆರಾಮಾಗಿ ಕೂತಿತು. ಗಂಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನೋಡಿತು. ಹಲ್ಲಿನಿಂದ ಕಚ್ಚಲಿಲ್ಲ, ಹರಿಯಲಿಲ್ಲ. ಸರಿಯಾದ ತುದಿ ಹಿಡಿದು ಎಳೆಯಿತು, ಅಷ್ಟೇ. ಹೆಡ್ ಮಾಸ್ತರರು ಅಲ್ಲಿದ್ದಿದ್ದರೆ ಅವತ್ತೇ ಸೀಟಿ ಅದರ ಕೊರಳಿಗೆ ಬೀಳುತ್ತಿತ್ತು.

ರೊಟ್ಟಿ, ಕರದಂಟು ಹೋದವು. ಬ್ಯಾಂಡೇಜು ಬೇವಿನ ಗಿಡಕ್ಕೆ ತೋರಣವಾಯ್ತು. ಉಳಿದಿದ್ದು ಆ ಮೂವತ್ತು ಶೇಂಗಾ ಹೋಳಿಗೆ, ಏಕೆಂದರೆ ಹುಡುಗ ಅದನ್ನು ಯಾರಿಗೂ ಕೊಡದೆ ತನ್ನ ಚೀಲದಲ್ಲೇ ತಲೆದಿಂಬು ಮಾಡಿಕೊಂಡಿದ್ದ.

ರಾತ್ರಿ ಕ್ಯಾಂಪ್‌ಫೈರ್. ಉಪ್ಪಿಟ್ಟು ತಳ ಹಿಡಿದಿತ್ತು, ಮೇಲಿನದು ಬೆಂದಿರಲಿಲ್ಲ. ನಡುವಿನದನ್ನು ಹಂಚಿಕೊಂಡೆವು. ಊರು ಬಾದಾಮಿ, ಹಾಗಾಗಿ ವಾತಾಪಿ ಕಥೆ ಹೇಳಿದೆ. ಇಲ್ವಲ ತನ್ನ ತಮ್ಮ ವಾತಾಪಿಯನ್ನು ಟಗರು ಮಾಡಿ, ಕಡಿದು, ಅಡುಗೆ ಮಾಡಿ ಅತಿಥಿಗೆ ಬಡಿಸುತ್ತಿದ್ದ. ಊಟ ಮುಗಿದ ಮೇಲೆ "ವಾತಾಪಿ, ಬಾ" ಅಂದರೆ ಸಾಕು, ಅವನು ಅತಿಥಿಯ ಹೊಟ್ಟೆ ಸೀಳಿಕೊಂಡು ಹೊರಗೆ. ಇಲ್ಲಿ ನಾನು ಜಾಸ್ತಿ ಅಭಿನಯ ಮಾಡಿಬಿಟ್ಟೆ. ಹೊಟ್ಟೆ ಸೀಳುವುದನ್ನು ಟಾರ್ಚು ಹಿಡಿದು ತೋರಿಸಿದೆ. ಅಗಸ್ತ್ಯರು ಬಂದು ಅವನನ್ನು ಜೀರ್ಣ ಮಾಡಿದ ಭಾಗ ಹೇಳುವ ಹೊತ್ತಿಗೆ ಅರ್ಧ ಹುಡುಗರು ತೂಕಡಿಸುತ್ತಿದ್ದರು.

ರಾತ್ರಿ ಒಂದು ಗಂಟೆಗೆ ಡೇರೆಯಿಂದ ಕಿರುಚಾಟ. "ಸರ, ಬರಾಕತ್ತಾನ್ರಿ! ಹೊರಗ ಬರಾಕತ್ತಾನ!"

ಹೋಳಿಗೆ ಹುಡುಗ. ಕತ್ತಲಲ್ಲಿ ಒಬ್ಬನೇ ಹನ್ನೊಂದು ಹೋಳಿಗೆ ಮುಗಿಸಿ, ಈಗ ಹೊಟ್ಟೆ ಹಿಡಿದುಕೊಂಡು ಹೊರಳಾಡುತ್ತಿದ್ದ. ತೂಕಡಿಸಿದವರಲ್ಲಿ ಇವನೂ ಒಬ್ಬ. ಅವನಿಗೆ ತಿಳಿದಷ್ಟರ ಮಟ್ಟಿಗೆ ವಾತಾಪಿ ಇನ್ನೂ ಜೀವಂತ. ಉಳಿದ ಏಳು ಹುಡುಗರು ಡೇರೆಯ ಇನ್ನೊಂದು ತುದಿಗೆ ಒತ್ತಿಕೊಂಡು ಅವನ ಹೊಟ್ಟೆಯನ್ನೇ ನೋಡುತ್ತಿದ್ದರು. ಆ ನೂಕಾಟಕ್ಕೆ ನನ್ನ ಕೈಯಾರೆ ಕಟ್ಟಿದ ಗಂಟು ಬಿಚ್ಚಿ ಡೇರೆ ಎಲ್ಲರ ಮೇಲೆ ಬಿತ್ತು.

ಡೇರೆಯಡಿಯಿಂದ ಒಬ್ಬೊಬ್ಬರನ್ನೇ ಎಳೆದು ತೆಗೆದು, ಜೊತೆಗೆ ಬಂದಿದ್ದ ಹುಡುಗಿಯರ ದಳದ ಗೈಡ್ ಕ್ಯಾಪ್ಟನ್ ಟೀಚರನ್ನು ಎಬ್ಬಿಸಿದೆ. ಅವರ ಹುಡುಗಿಯರು ಒಂಬತ್ತಕ್ಕೇ ತಾಟು ತೊಳೆದಿಟ್ಟು ಶಾಲೆಯ ಕೋಣೆಯಲ್ಲಿ ಮಲಗಿದ್ದರು. ಅವರ ಔಷಧಿ ಡಬ್ಬಿ ಟ್ರಂಕಿನಲ್ಲಿತ್ತು. ಟ್ರಂಕಿಗೆ ಗಂಟಲ್ಲ, ಬೀಗ. ಬಿಸಿನೀರು, ಅಜವಾನ ಕೊಟ್ಟರು. ಹುಡುಗ ಬಾಯಿ ತೆರೆಯಲಿಲ್ಲ. ತೆರೆದರೆ ಅವನು ಹೊರಗೆ ಬರ್ತಾನಂತೆ.

ಬೇರೆ ದಾರಿ ಇರಲಿಲ್ಲ. ಸ್ಕಾರ್ಫ್ ಸರಿ ಮಾಡಿಕೊಂಡೆ, ಅವನ ಹೊಟ್ಟೆ ಮೇಲೆ ಕೈ ಇಟ್ಟೆ, ಗಟ್ಟಿಯಾಗಿ "ವಾತಾಪಿ ಜೀರ್ಣೋ ಭವ" ಎಂದೆ. ಮೂರು ಸಲ. ಗಣಿತದ ಮಾಸ್ತರ, ರಾತ್ರಿ ಒಂದೂಕಾಲಿಗೆ, ಲುಂಗಿ ಮೇಲೆ ಸ್ಕಾರ್ಫು ಹಾಕಿಕೊಂಡು. ಹುಡುಗ ಅಜವಾನ ನುಂಗಿದ. ಹತ್ತು ನಿಮಿಷಕ್ಕೆ ದೊಡ್ಡದೊಂದು ತೇಗು ಬಂತು. "ಹೋದ್ನ್ರಿ," ಎಂದು ಮಲಗಿಬಿಟ್ಟ. ನನಗೆ ಬೆಳಗಿನ ತನಕ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಎಣಿಸಿದರೆ 25. ಮೂರು ಸಲ ಎಣಿಸಿದೆ, 25. ಕಡಿಮೆ ಬಂದರೆ ಏನು ಮಾಡಬೇಕು ಅಂತ ಕಲಿಸಿದ್ದರು, ಜಾಸ್ತಿ ಬಂದರೆ ಏನು ಅಂತ ಕಲಿಸಿರಲಿಲ್ಲ. ಕೊನೆಗೆ ಸಾಲಿನ ತುದಿಯಲ್ಲಿ ಯಾರದ್ದೋ ಸ್ಕಾರ್ಫು ಹಾಕಿಕೊಂಡು ಎದೆ ಉಬ್ಬಿಸಿ ನಿಂತಿದ್ದವನನ್ನು ಹಿಡಿದೆ. "ನಾ ಇದ ಊರಾವ್ರಿ. ನಾಷ್ಟಾ ಕೊಡ್ತಾರಂತ ಬಂದೀನಿ." ನಮ್ಮ 24ರಲ್ಲಿ ಒಬ್ಬನೂ ಅಷ್ಟು ನೆಟ್ಟಗೆ ನಿಂತಿರಲಿಲ್ಲ. ಅವನಿಗೇ ಮೊದಲು ಬಡಿಸಿದೆವು.

ಸೋಮವಾರ ಶಾಲೆಗೆ ಬಂದೆ. ಗೇಟಿನ ಹತ್ತಿರ ಗುರುತಿಲ್ಲದ ಹೆಂಗಸೊಬ್ಬರು ಕಂಕುಳಲ್ಲಿ ಕೂಸು ಇಟ್ಟುಕೊಂಡು ನಿಂತಿದ್ದರು. ಹಿಂದೆ ಇನ್ನೂ ಇಬ್ಬರು. ನನ್ನ ಕೊರಳಿನ ಸೀಟಿ ನೋಡಿ ಗುರುತು ಹಿಡಿದರು.

"ಹೊಟ್ಟಿನೋವಿಗೆ ಮಂತ್ರ ಹಾಕಾವ್ರು ನೀವ ಏನ್ರಿ? ಯಾವ ಯಾವ ವಾರ ಹಾಕ್ತೀರಿ?"

ಆಚೆ ವರಾಂಡದಲ್ಲಿ ಹೆಡ್ ಮಾಸ್ತರರು ನಿಂತು ಕೇಳಿಸಿಕೊಳ್ಳುತ್ತಿದ್ದರು.