ಬಂದೂಕು ಠಾಣೆಗೆ, ಎಣ್ಣೆ ಡಬ್ಬಿ ಮಂಚದ ಕೆಳಗೆ

ಚುನಾವಣೆ ಘೋಷಣೆ ಆದರೆ ಸಾಕು, ಲೈಸೆನ್ಸ್ ಇರುವ ಬಂದೂಕುಗಳನ್ನು ಠಾಣೆಗೆ ಒಪ್ಪಿಸಿ ಅಂತ ಜಿಲ್ಲಾಡಳಿತದ ಆದೇಶ ಬರುತ್ತದೆ. ಕಾಡುಹಂದಿ, ಕರಡಿ ಕಾಟಕ್ಕೆ ಲೈಸೆನ್ಸ್ ಮಾಡಿಸಿಕೊಂಡ ರೈತರು ಗೊಣಗುತ್ತಾರೆ. ನನಗಂತೂ ಇದು ಸರಿ ಅನಿಸುತ್ತದೆ. ಸಿಟ್ಟು ಏರುವ ದಿನಗಳಲ್ಲಿ ಆಯುಧ ಕೈಗೆ ಸಿಗಬಾರದು.

ಅಮೆರಿಕದಲ್ಲಿ ಬಂದೂಕು ಇಟ್ಟುಕೊಂಡವರನ್ನು ಯಾಕೆ ಅಂತ ಕೇಳಿದರೆ ಹೆಚ್ಚಿನವರು ರಕ್ಷಣೆಗೆ ಅನ್ನುತ್ತಾರೆ. ಆದರೆ ಅಲ್ಲಿ ಗುಂಡಿಗೆ ಬಲಿಯಾಗುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆತ್ಮಹತ್ಯೆ ಮಾಡಿಕೊಂಡವರು. ಕ್ಯಾಲಿಫೋರ್ನಿಯಾದ ಸುಮಾರು 2.6 ಕೋಟಿ ಜನರ ದಾಖಲೆ ಪರಿಶೀಲಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಪಿಸ್ತೂಲು ಇಲ್ಲದ ಗಂಡಸರಿಗಿಂತ ಇರುವ ಗಂಡಸರು ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಂಡ ಪ್ರಮಾಣ ಸುಮಾರು 8 ಪಟ್ಟು. ಹೆಂಗಸರಲ್ಲಿ ಸುಮಾರು 35 ಪಟ್ಟು! ರಕ್ಷಣೆಗೆ ಅಂತ ತಂದದ್ದು ಮನೆಯವರನ್ನೇ ತಿಂದಿತು.

‘ಸಾಯಬೇಕು ಅಂದವರನ್ನು ಯಾರು ತಡೆಯೋಕಾಗುತ್ತೆ’ ಅಂತ ನಮ್ಮಲ್ಲಿ ಸುಮ್ನೆ ಹೇಳಿಬಿಡುತ್ತಾರೆ. ಈ ಮಾತು ತಪ್ಪು. ಅಮೆರಿಕದ ಹ್ಯೂಸ್ಟನ್‌ನಲ್ಲಿ ಆತ್ಮಹತ್ಯೆಗೆ ಯತ್ನಿಸಿ ಬದುಕಿದ 13ರಿಂದ 34 ವರ್ಷದವರನ್ನು ಸಂಶೋಧಕರು ಮಾತಾಡಿಸಿದರು. ಸುಮಾರು ಕಾಲು ಭಾಗ ಜನರಿಗೆ ನಿರ್ಧಾರಕ್ಕೂ ಕೃತ್ಯಕ್ಕೂ ನಡುವೆ 5 ನಿಮಿಷ ಕೂಡ ಇರಲಿಲ್ಲ. ಹೀಗೆ ಬದುಕಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ ಅಂತ ಬೇರೆ ಅಧ್ಯಯನಗಳು ಹೇಳುತ್ತವೆ. ಆ ಗಳಿಗೆ ದಾಟಬೇಕು, ಅಷ್ಟೆ.

ಈಗ ನಮ್ಮ ಮನೆಗಳಿಗೆ ಬರೋಣ. ಸಿಂಧನೂರು, ಮಾನ್ವಿ, ಗಂಗಾವತಿ, ಸಿರುಗುಪ್ಪ ಕಡೆ ಬಂದೂಕು ಇರುವ ಮನೆ ಎಲ್ಲೋ ಒಂದು. ಆದರೆ ಭತ್ತಕ್ಕೆ, ಹತ್ತಿಗೆ, ಮೆಣಸಿನಗಿಡಕ್ಕೆ ಹೊಡೆದು ಉಳಿದ ಎಣ್ಣೆ, ಅಂದರೆ ಕೀಟನಾಶಕ, ಎಷ್ಟು ಮನೆಗಳಲ್ಲಿ ಮಂಚದ ಕೆಳಗೆ, ಅಟ್ಟದ ಮೇಲೆ ಬಿದ್ದಿಲ್ಲ? ಅದಕ್ಕೆ ಲೈಸೆನ್ಸ್ ಬೇಡ, ಠಾಣೆಗೆ ಒಪ್ಪಿಸುವ ಆದೇಶವೂ ಇಲ್ಲ. ಸಾಲ ಕೊಟ್ಟವನು ಬಾಗಿಲಿಗೆ ಬಂದ ದಿನ, ಗಂಡ ಹೆಂಡತಿ ಜಗಳವಾದ ರಾತ್ರಿ, ಹುಡುಗ ಪರೀಕ್ಷೆಯಲ್ಲಿ ಫೇಲಾದ ಮಧ್ಯಾಹ್ನ, ಅದು ಅಲ್ಲೇ ಇರುತ್ತದೆ.

ಬೀಗದ ಪೆಟ್ಟಿಗೆ ಕೊಟ್ಟರೆ ಸಾಕು ಅನಿಸಬಹುದು. ಶ್ರೀಲಂಕಾದ 180 ಹಳ್ಳಿಗಳಲ್ಲಿ ಅದನ್ನೂ ಪರೀಕ್ಷಿಸಿದ್ದಾರೆ, ಪ್ರಯೋಜನ ಕಾಣಲಿಲ್ಲ. ಅಲ್ಲಿ ಫಲ ಕೊಟ್ಟದ್ದು ಅತಿ ವಿಷಕಾರಿ ಕೀಟನಾಶಕಗಳ ನಿಷೇಧ. 1995ರ ನಂತರದ 20 ವರ್ಷಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು 70% ಇಳಿಯಿತು. ಬೆಳೆ ಇಳುವರಿ ಕುಸಿಯಲಿಲ್ಲ. ಇದನ್ನು ನಮ್ಮ ರೈತ ಸಂಘಟನೆಗಳು ಗಟ್ಟಿಯಾಗಿ ಕೇಳಬೇಕು. ಬೆಂಬಲ ಬೆಲೆಗೆ ರಸ್ತೆಗಿಳಿಯುವವರು ಇದಕ್ಕೂ ಇಳಿಯಬೇಕಲ್ವಾ?

ಅಲ್ಲಿಯವರೆಗೆ, ಬೇಕಾದಷ್ಟೇ ಎಣ್ಣೆ ತನ್ನಿ, ಮನೆಯೊಳಗೆ ಇಡಬೇಡಿ. ಮನೆಯಲ್ಲಿ ಯಾರಾದರೂ ಊಟ ಬಿಟ್ಟು ಮಂಕಾಗಿ ಕೂತಿದ್ದರೆ ಮೊದಲು ಆ ಡಬ್ಬಿಯನ್ನು ಹೊರಗೆ ಸಾಗಿಸಿ. ಆಮೇಲೆ ಪಕ್ಕದಲ್ಲಿ ಕೂತು ಮಾತಾಡಿಸಿ, ಸಾಯಬೇಕು ಅನಿಸ್ತಿದೆಯಾ ಅಂತ ನೇರವಾಗಿ ಕೇಳಿ. ಹಾಗೆ ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವ ಭಯ ಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.